ಸೆಕೆಂಡ್ ಹ್ಯಾಂಡ್ ಡೀಸೆಲ್ ಎಸ್‌ಯುವಿ ತಗೊಂಡೀರಿ, ಒಂದೊಂದೇ ತಕರಾರು ಶುರು ಆಗ್ಯಾವ: ಯಾವುದನ್ನ ಮೊದಲ ನೋಡಬೇಕು, ಹೆಂಗ ಹಿಡೀಬೇಕು

ಹೋದ ವರ್ಷ ಮಾರ್ಚ್‌ನಾಗ ನಾವು ಹೈದರಾಬಾದ್ ಕಡಿಂದ ಒಂದು 7 ಸೀಟಿನ ಡೀಸೆಲ್ ಗಾಡಿ ತಂದ್ವಿ, 2015ರ ಮಾಡೆಲ್, ಮೀಟರ್‌ನಾಗ 96 ಸಾವಿರ ಕಿಲೋಮೀಟರ್. ಒಂದು ವಾರ ಭಾರಿ ಚಲೋ ಓಡ್ತು. 8ನೇ ದಿನ ಮುಂಜಾನಿ ಕೀ ತಿರುವಿದ್ರ ಬರೀ ಟಕ್ ಟಕ್, ಸೆಲ್ಫ್ ಎತ್ತಲೇ ಇಲ್ಲ. ಎಲ್ಲಾರೂ ಬ್ಯಾಟ್ರಿ ಹೋಗ್ಯಾದ ಅಂದ್ರು, ಅವತ್ತೇ ಹೊಸ ಬ್ಯಾಟ್ರಿ ಹಾಕಿಸಿದೆ, 4 ದಿನ ಬಿಟ್ಟು ಮತ್ತ ಅದೇ ಟಕ್ ಟಕ್. ಆಮ್ಯಾಲ ಗೊತ್ತಾತು, ತಪ್ಪು ಬ್ಯಾಟ್ರಿದಲ್ಲ, ಬ್ಯಾಟ್ರಿಯಿಂದ ಎಂಜಿನ್‌ಗೆ ಹೋಗೋ ದಾರಿಯಾಗ, ಬಾಡಿಗೆ ಬೋಲ್ಟ್ ಆಗಿದ್ದ ಒಂದು ಗೇಣಿನಷ್ಟು ಅರ್ಥ್ ವೈರಿಂದು. ಹಳೆ ಬ್ಯಾಟ್ರಿ ಇನ್ನೂ ಗಟ್ಟಿ ಇತ್ತು, ಅದನ್ನ ಎಕ್ಸ್‌ಚೇಂಜ್‌ನಾಗ ಕೊಟ್ಟಬಿಟ್ಟಿದ್ದೆ.

ಅವತ್ತಿಂದ ನಾನು ಹಿಡ್ಕೊಂಡಿರೋದು ಒಂದೇ ಮಾತು, ಅಳತಿ ಮಾಡದೆ ಪಾರ್ಟ್ ಬದಲಿ ಮಾಡಂಗಿಲ್ಲ. ಹಳೆ ಗಾಡಿ ತಗೊಂಡವರಿಗೆ ರೊಕ್ಕ ಹೋಗೋದು ತಕರಾರಿಗೆ ಅಲ್ಲರಿ, ಅಂದಾಜಿಗೆ. ಕೆಳಗ ಬರ್ದಿರೋ ಸಾಲು ಹಂಗೇ ಇಟ್ಕೊಳ್ರಿ, ಯಾಕಂದ್ರ ಮೊದಲನೇದು ಸರಿ ಇಲ್ಲದಿದ್ರ ಮುಂದಿನದು ಸುಳ್ಳು ಹೇಳ್ತದ.

ಗ್ಯಾರೇಜಿಗೆ ಹೋಗೋಕಿಂತ ಮೊದಲ, ಮನಿ ಮುಂದ

ಒಂದು ಮಲ್ಟಿಮೀಟರ್, ಒಂದು ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಗಾಡಿ ಕಂಪ್ಯೂಟರ್ ಬರ್ದಿಟ್ಟ ತಕರಾರಿನ ಕೋಡ್ ಓದೋದು), ಟೈರ್ ಗಾಳಿ ನೋಡೋ ಗೇಜ್, ಟಾರ್ಚ್, ಒಂದು 100 ಪುಟದ ನೋಟ್‌ಬುಕ್, ಇಷ್ಟು ಸಾಕು. ನೋಟ್‌ಬುಕ್ ಯಾಕಂದ್ರ "ಗಾಡಿ ಆವಾಜ್ ಮಾಡ್ತದ" ಅಂತ ಮಿಸ್ತ್ರಿಗೆ ಹೇಳಿದ್ರ ಅವರಿಗೂ ಏನೂ ತಿಳಿಯಂಗಿಲ್ಲ, "ತಣ್ಣಗಿದ್ದಾಗ ಬರಲ್ಲ, 15 ಕಿಲೋಮೀಟರ್ ಓಡಿದ ಮ್ಯಾಲ ಎಡಗಡೆ ಮುಂದಿನ ಗಾಲಿ ಕಡಿಂದ, ಹಂಪ್ ಇಳಿಯೋವಾಗ ಮಾತ್ರ ಬರ್ತದ" ಅಂದ್ರ ಅರ್ಧ ಕೆಲಸ ಅಲ್ಲೇ ಮುಗೀತದ. ತಣ್ಣಗಿದ್ದಾಗೋ ಬಿಸಿ ಆದಾಗೋ, ಎಷ್ಟು ಸ್ಪೀಡಿಗೆ, ಎಸಿ ಹಚ್ಚಿತ್ತೋ ಬಂದ್ ಇತ್ತೋ, ಎಷ್ಟು ಮಂದಿ ಕೂತಿದ್ರು, ಇಷ್ಟು ಬರೀರಿ.

ರಾತ್ರಿ ಗಾಡಿ ನಿಲ್ಸೋವಾಗ ಕೆಳಗ ಒಂದು ದೊಡ್ಡ ರಟ್ಟು ಹಾಸ್ರಿ, ಫ್ರಿಜ್ ಬಂದ ಡಬ್ಬಿ ರಟ್ಟು ಆದ್ರ ಬರೋಬರಿ. ಮುಂಜಾನಿ ನೋಡ್ರಿ, ಕಪ್ಪು ಇಲ್ಲಾ ಕಂದು ಬಣ್ಣದ ಕಲಿ ಇದ್ರ ಎಂಜಿನ್ ಆಯಿಲ್, ಹಸಿರು ಇಲ್ಲಾ ಗುಲಾಬಿ ಇದ್ದು ಸೀ ವಾಸನಿ ಇದ್ರ ಕೂಲಂಟ್ (ಎಂಜಿನ್ ತಣ್ಣಗ ಇಡೋ ನೀರು), ಕೆಂಪು ಇದ್ರ ಪವರ್ ಸ್ಟೇರಿಂಗ್ ಇಲ್ಲಾ ಆಟೋಮ್ಯಾಟಿಕ್ ಗೇರ್‌ದು, ಗಾಲಿ ಒಳಮೈಗೆ ತೆಳ್ಳಗ ಹಳದಿ ಇದ್ರ ಬ್ರೇಕ್ ಆಯಿಲ್, ಇದೊಂದು ಕಂಡ್ರ ಗಾಡಿ ತಗೀಲೇಬ್ಯಾಡ್ರಿ. ಬರೀ ನೀರಿದ್ರ ಎಸಿದು, ಚಿಂತಿ ಬ್ಯಾಡ.

ಎಂಜಿನ್ ಪುರಾ ತಣ್ಣಗಿದ್ದಾಗಲೇ ಡಿಪ್‌ಸ್ಟಿಕ್ (ಆಯಿಲ್ ಅಳತಿ ಕಡ್ಡಿ) ತಗದು ನೋಡ್ರಿ. ಡೀಸೆಲ್ ಆಯಿಲ್ ಕಪ್ಪಗೇ ಇರ್ತದ, ಕಪ್ಪಾಗಿದ್ದಕ್ಕ ಹೆದರೋದು ಬ್ಯಾಡ. ಆದ್ರ ಚಹಾದಾಗ ಹಾಲು ಹಾಕಿದಂಗ ಕಾಣಿಸಿದ್ರ ಆಯಿಲ್ ಒಳಗ ನೀರು ಹೊಂಟಾದ ಅಂತ ತಿಳ್ಕೊಳ್ರಿ. ಹಿಂದಿನ ಮಾಲಕ ಯಾವಾಗ ಏನು ಮಾಡಿಸಿದ್ದ ಅನ್ನೋ ಬಿಲ್ ಇಲ್ಲಂದ್ರ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ನಾಕೂ ಒಮ್ಮೆಲೇ ಮಾಡ್ರಿ. ಇವು ಹೆಂಗೂ ಸವಿಯೋವು, ಅಂದಾಜಿನ ಖರ್ಚಿನ್ಯಾಗ ಇದನ್ನ ಹಿಡೀಬ್ಯಾಡ್ರಿ. ಟೈಮಿಂಗ್ ಬೆಲ್ಟ್ ಇರೋ ಎಂಜಿನ್ ಇದ್ದು, ಬದಲಿ ಮಾಡಿದ್ದಕ್ಕ ಪುರಾವೆ ಇಲ್ಲಂದ್ರ ಅದನ್ನೂ ಮುಂದ ಹಾಕಬ್ಯಾಡ್ರಿ. ಅದು ಹರದ್ರ ಬಹಳಷ್ಟು ಡೀಸೆಲ್ ಎಂಜಿನ್‌ದಾಗ ವಾಲ್ವು ಪಿಸ್ಟನ್ ಬಡ್ಕೊಂಡು ಎಂಜಿನ್ನೇ ಬಿಚ್ಚಬೇಕಾಗ್ತದ.

ಸ್ಟಾರ್ಟಿಂಗ್ ತಕರಾರು

ಇದನ್ನ ಮೊದಲ ಇಟ್ಟೀನಿ, ಯಾಕಂದ್ರ ಕರೆಂಟ್ ಸರಿ ಇಲ್ಲದಿದ್ರ ಈಗಿನ ಗಾಡಿ ಕಂಪ್ಯೂಟರ್ ಇಲ್ಲದ ತಕರಾರೆಲ್ಲಾ ತೋರಿಸ್ತದ. ಎಬಿಎಸ್ ಲೈಟ್, ಏರ್‌ಬ್ಯಾಗ್ ಲೈಟ್, ಸ್ಟೇರಿಂಗ್ ಲೈಟ್ ಮೂರೂ ಒಮ್ಮೆಲೇ ಹತ್ತಿದ್ರ ಮೂರೂ ಕೆಟ್ಟಾವ ಅಂತಲ್ಲ, ವೋಲ್ಟೇಜ್ ಬಿದ್ದಿರಬಹುದು.

ರಾತ್ರಿ ಪೂರ್ತಿ ನಿಂತ ಗಾಡಿದು ಬ್ಯಾಟ್ರಿ ಎರಡೂ ಕಂಬಕ್ಕ ಮೀಟರ್ ಹಚ್ರಿ. 12.6 ಇದ್ರ ಪುರಾ ಚಾರ್ಜ್, 12.2 ಇದ್ರ ಹೆಚ್ಚುಕಮ್ಮಿ ಅರ್ಧ, 12ರ ಕೆಳಗಿದ್ರ ಖಾಲಿ. ಆಮ್ಯಾಲ ಒಬ್ಬರಿಗೆ ಸೆಲ್ಫ್ ಹೊಡೀಲಿಕ್ಕೆ ಹೇಳಿ ಮೀಟರ್ ನೋಡ್ತಾ ಇರ್ರಿ, 9.6ಕ್ಕಿಂತ ಕೆಳಗ ಇಳದ್ರ ಬ್ಯಾಟ್ರಿ ದಣದದ. ಗಾಡಿ ಚಾಲೂ ಆದ ಮ್ಯಾಲ 13.8ರಿಂದ 14.5 ಒಳಗ ಇರಬೇಕು, 13ರ ಕೆಳಗಿದ್ರ ಡೈನಾಮೋ ಇಲ್ಲಾ ಅದರ ಬೆಲ್ಟ್ ನೋಡ್ರಿ. ಕೆಲವು ಹೊಸ ಮಾಡೆಲ್‌ನಾಗ ಕಂಪ್ಯೂಟರ್ ಬೇಕಂತಲೇ ಚಾರ್ಜ್ ಕಮ್ಮಿ ಮಾಡ್ತದ, ಅಂಥದ್ರಾಗ ಹೆಡ್‌ಲೈಟ್, ಎಸಿ ಎಲ್ಲಾ ಹಚ್ಚಿ ನೋಡಬೇಕು.

ಈ ಮೂರೂ ಸರಿ ಇದ್ದೂ ಟಕ್ ಟಕ್ ಅಂದ್ರ ನಾನು ಮಾಡಿದ್ದು ಹೇಳ್ತೀನಿ. ಮೀಟರ್‌ನ ಒಂದು ತಂತಿ ಬ್ಯಾಟ್ರಿ ಮೈನಸ್ ಕಂಬದ ಮ್ಯಾಲ, ಇನ್ನೊಂದು ಎಂಜಿನ್‌ನ ಬಣ್ಣ ಇಲ್ಲದ ಸ್ವಚ್ಛ ಕಬ್ಬಿಣದ ಮ್ಯಾಲ ಒತ್ತಿ ಹಿಡಕೊಂಡು ಸೆಲ್ಫ್ ಹೊಡಸಬೇಕು. ಅರ್ಥ್ ಚಲೋ ಇದ್ರ ಮೀಟರ್ 0.2, ಭಾಳಂದ್ರ 0.3 ತೋರಿಸ್ತದ. ನನ್ನದು 1.4 ತೋರಿಸ್ತು. ಬ್ಯಾಟ್ರಿ ತಟ್ಟಿ ಬಿಚ್ಚಿ ಒಳಗ ಟಾರ್ಚ್ ಬಿಟ್ಟು ನೋಡಿದೆ, ಅರ್ಥ್ ವೈರ್‌ನ ತುದಿ ಬಾಡಿಗೆ ಬೋಲ್ಟ್ ಆಗೋ ಜಾಗದಾಗ ಹಸಿರು ಬಿಳಿ ಪುಡಿ ದಪ್ಪಗ ಕೂತಿತ್ತು. ಮ್ಯಾಲಿನ ಕಪ್ಪು ರಬ್ಬರ್ ಹೊಸದರಂಗ ಇತ್ತು, ಆದ್ರ ಬಳ್ಳಿಲೆ ಒತ್ತಿದ್ರ ಒಳಗಿನ ತಾಮ್ರ ಬೂದಿಯಂಗ ಕರ್ ಕರ್ ಅಂತಿತ್ತು. ನಾಕು ಸಲ ಸೆಲ್ಫ್ ಹೊಡದ ಮ್ಯಾಲ ಅದೇ ಜಾಗ ಮುಟ್ಟಿದೆ, ಕೈ ಚುರ್ ಅಂತು. ಕರೆಂಟ್ ಎಲ್ಲಾ ಅಲ್ಲೇ ಬಿಸಿ ಆಗಿ ಹೋಗ್ತಿತ್ತು, ಸೆಲ್ಫ್ ತನಕ ಮುಟ್ತಿರಲಿಲ್ಲ. ಅಷ್ಟೇ ದಪ್ಪದ ಹೊಸ ವೈರ್ ಹಾಕಿ, ಬೋಲ್ಟ್ ಕೂಡೋ ಜಾಗ ಸ್ಯಾಂಡ್ ಪೇಪರ್ ಹಚ್ಚಿ ಬೆಳ್ಳಗ ಮಾಡಿ ಬಿಗಿ ಮಾಡಿದೆ, ಇವತ್ತಿನ ತನಕ ಒಂದೇ ಸೆಲ್ಫಿಗೆ ಎತ್ತತದ.

ಟರ್ಮಿನಲ್ ಮ್ಯಾಲ ಪುಡಿ ಇದ್ರ ಬಿಸಿ ನೀರಿನ್ಯಾಗ ತಿನ್ನೋ ಸೋಡಾ ಕಲಸಿ ಹಳೆ ಬ್ರಶ್‌ಲೆ ತಿಕ್ರಿ, ಒರಸಿ ವ್ಯಾಸಲೀನ್ ಹಚ್ರಿ. ಬಿಚ್ಚೋವಾಗ ಮೈನಸ್ ಮೊದಲ, ಹಾಕೋವಾಗ ಮೈನಸ್ ಕಡೀಕ, ಇದನ್ನ ತಪ್ಪಿಸಬ್ಯಾಡ್ರಿ.

ಎರಡು ದಿನ ನಿಂತ್ರ ಬ್ಯಾಟ್ರಿ ಕೂತ್ರ ಯಾವುದೋ ಒಂದು ರಾತ್ರಿಯೆಲ್ಲಾ ಕರೆಂಟ್ ಕುಡೀಲಿಕ್ಕತ್ತದ. ಹಿಂದಿನ ಮಾಲಕ ಹೊರಗಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಜಿಪಿಎಸ್ ಟ್ರ್ಯಾಕರ್, ಫಾಗ್ ಲೈಟ್, ಪ್ರೆಶರ್ ಹಾರ್ನ್, ಮೊದಲ ಇವನ್ನೇ ಹಿಡೀರಿ. ಗಾಡಿ ಲಾಕ್ ಮಾಡಿ ಅರ್ಧ ತಾಸು ಬಿಟ್ಟ ಮ್ಯಾಲ 50 ಮಿಲಿ ಆಂಪಿಯರ್‌ಗಿಂತ ಹೆಚ್ಚು ಎಳೀಬಾರದು. ಹೆಚ್ಚಿದ್ರ ಒಂದೊಂದೇ ಫ್ಯೂಸ್ ತಗದು ನೋಡ್ರಿ, ಯಾವುದು ತಗದಾಗ ಇಳೀತದ ಅದೇ ಲೈನ್‌ನಾಗ ಕಳ್ಳ ಇದ್ದಾನ.

ಈಗ ಸ್ಕ್ಯಾನರ್

ವೋಲ್ಟೇಜ್ ಸರಿ ಆದ ಮ್ಯಾಲ ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ ಸ್ಕ್ಯಾನರ್ ಹಾಕ್ರಿ. ಬಂದ ಕೋಡ್ ಎಲ್ಲಾ ನೋಟ್‌ಬುಕ್‌ನಾಗ ಬರ್ಕೊಂಡ ಮ್ಯಾಲೇ ಅಳಸ್ರಿ, ಆಮ್ಯಾಲ 50 ಕಿಲೋಮೀಟರ್ ಓಡಿಸಿ ಮತ್ತ ನೋಡ್ರಿ. ತಿರುಗಿ ಬಂದಿದ್ದು ಖರೇ ತಕರಾರು. ಗಾಡಿ ಮಾರೋಕಿಂತ ಮೊದಲ ಕೋಡ್ ಅಳಸಿ ಲೈಟ್ ಆರಸಿ ಕೊಡೋರು ಇರ್ತಾರ, ಅದಕ್ಕೇ ಚೆಕ್ ಎಂಜಿನ್ ಲೈಟ್ ತಗೊಂಡ ಮೂರು ನಾಕು ದಿನಕ್ಕ ಹತ್ತತದ.

ಡೀಸೆಲ್‌ನಾಗ ಹೆಚ್ಚು ಕಾಣೋವು ಇವು: ಪಿ0299 ಅಂದ್ರ ಟರ್ಬೋ (ಎಂಜಿನ್ ಒಳಗ ಗಾಳಿ ಒತ್ತಿ ತುಂಬೋದು) ಕೊಡೋ ಗಾಳಿ ಸಾಲ್ತಿಲ್ಲ, ಪಿ0401 ಅಂದ್ರ ಇಜಿಆರ್‌ನಾಗ (ಸುಟ್ಟ ಹೊಗಿ ಜರಾ ಎಂಜಿನ್ ಒಳಗ ತಿರುಗಿ ಕಳಸೋ ದಾರಿ) ಹರಿವು ಕಮ್ಮಿ, ಪಿ0087 ಅಂದ್ರ ಡೀಸೆಲ್ ಪ್ರೆಶರ್ ಕಮ್ಮಿ, ಪಿ0128 ಅಂದ್ರ ಎಂಜಿನ್ ಬಿಸಿ ಆಗಬೇಕಾದಷ್ಟು ಆಗ್ತಿಲ್ಲ, ಪಿ0562 ಅಂದ್ರ ವೋಲ್ಟೇಜ್ ಕಮ್ಮಿ. ಕೋಡ್ ಜಾಗ ತೋರಿಸ್ತದ, ಪಾರ್ಟ್ ತೋರಿಸಂಗಿಲ್ಲ. ಪಿ0299 ಬಂತಂತ ಟರ್ಬೋ ಬದಲಿ ಮಾಡ್ಸಿದವರು ಅದಾರ, ಹರದಿದ್ದು ಒಂದು ರಬ್ಬರ್ ಪೈಪ್.

ಹೀಟ್ ಆಗೋದು

ನಮ್ಮ ಕಲಬುರಗಿ ಯಾದಗಿರಿ ಬಿಸಿಲಿನ್ಯಾಗ ಇದೇ ಎಲ್ಲಾದಕ್ಕಿಂತ ದೊಡ್ಡದು. ಮೇ ತಿಂಗಳದಾಗ 42, 43 ಡಿಗ್ರಿ ಇರೋವಾಗ ಕೂಲಿಂಗ್‌ನಾಗ ಇರೋ ಸಣ್ಣ ತಪ್ಪೂ ಮುಚ್ಚಿಡಲಿಕ್ಕಾಗಲ್ಲ. ಡಿಸೆಂಬರ್‌ನಾಗ ಗಾಡಿ ತಗೊಂಡವರಿಗೆ ಇದು ಏಪ್ರಿಲ್ ತನಕ ಗೊತ್ತೇ ಆಗಂಗಿಲ್ಲ.

ಓಡಿಸೋವಾಗ ಮುಳ್ಳು ಏರಿದ್ರ ಎಸಿ ಬಂದ್ ಮಾಡ್ರಿ, ಹೀಟರ್ ಪುರಾ ಬಿಸಿಗೆ ಇಟ್ಟು ಬ್ಲೋವರ್ ಜೋರ್ ಮಾಡ್ರಿ, ಒಳಗ ಕುಂದ್ರಲಿಕ್ಕೆ ಆಗಂಗಿಲ್ಲ ಆದ್ರ ಎಂಜಿನ್ನಿನ ಬಿಸಿ ಜರಾ ಹೊರಗ ಬರ್ತದ. ನೆರಳು ಕಂಡಲ್ಲಿ ನಿಲ್ಸ್ರಿ. ಮುಳ್ಳು ಕೆಂಪಿಗೆ ಮುಟ್ಟಿದ್ರ ಇಲ್ಲಾ ಹೊಗಿ ಹಬಿ ಬಂದ್ರ ತಕ್ಷಣ ಎಂಜಿನ್ ಬಂದ್. ಕಮ್ಮಿ ಅಂದ್ರ 40 ನಿಮಿಷ ರೇಡಿಯೇಟರ್ ಮುಚ್ಚಳಿ ಮುಟ್ಟಬ್ಯಾಡ್ರಿ, ಒಳಗಿನ ನೀರು ಪ್ರೆಶರ್‌ನಾಗ 100 ಡಿಗ್ರಿ ದಾಟಿರ್ತದ, ಬಿಚ್ಚಿದ ಕ್ಷಣಕ್ಕ ಮುಖದ ಮ್ಯಾಲೆ ಬರ್ತದ. ಬಿಸಿ ಎಂಜಿನ್ ಮ್ಯಾಲ ತಣ್ಣೀರು ಸುರೀಬ್ಯಾಡ್ರಿ, ಹೆಡ್ (ಎಂಜಿನ್ನಿನ ಮ್ಯಾಲಿನ ಭಾಗ) ಸೀಳ್ತದ.

ಆಮ್ಯಾಲ ಯೋಚನಿ ಮಾಡ್ರಿ, ಯಾವಾಗ ಏರ್ತು? ಕಲಬುರಗಿ ಸೂಪರ್ ಮಾರ್ಕೆಟ್ ಟ್ರಾಫಿಕ್‌ನಾಗ ಏರಿ, ರಿಂಗ್ ರೋಡಿಗೆ ಬಂದ್ರ ಇಳದ್ರ ಫ್ಯಾನ್ ತಕರಾರು: ಮೋಟರ್, ರಿಲೇ ಇಲ್ಲಾ ವಿಸ್ಕಸ್ ಕಪ್ಲಿಂಗ್ (ಬಿಸಿ ಏರಿದಾಗ ಫ್ಯಾನ್ ಹಿಡಿದು ತಿರುಗಿಸೋದು). ಊರಾಗ ಸರಿ ಇದ್ದು, ಹುಮನಾಬಾದ್ ಕಡಿ 100ರಾಗ ಹೊಂಟಾಗ, ಮಂದಿ ತುಂಬಿದಾಗ ಏರಿದ್ರ ರೇಡಿಯೇಟರ್ ಕಟ್ಟಿಕೊಂಡದ. ಮುಳ್ಳು ಮ್ಯಾಲದ ಆದ್ರ ಹೀಟರ್‌ನಾಗ ತಣ್ಣನ ಗಾಳಿ ಬರ್ತದ ಅಂದ್ರ ಕೂಲಂಟ್ ಇಲ್ಲ, ಇಲ್ಲಾ ವಾಟರ್ ಬಾಡಿ (ವಾಟರ್ ಪಂಪ್) ಅದನ್ನ ತಿರುಗಿಸ್ತಿಲ್ಲ. ರೇಡಿಯೇಟರಿನ ಮ್ಯಾಲಿನ ಹೋಸ್ (ರಬ್ಬರ್ ಪೈಪ್) ಸುಡ್ತದ, ಕೆಳಗಿನದು ತಣ್ಣಗದ ಅಂದ್ರ ಥರ್ಮೋಸ್ಟ್ಯಾಟ್ (ಬಿಸಿ ಆದ ಮ್ಯಾಲ ಕೂಲಂಟಿಗೆ ದಾರಿ ಬಿಡೋ ವಾಲ್ವು) ತೆರೀತಿಲ್ಲ ಇಲ್ಲಾ ರೇಡಿಯೇಟರ್ ಒಳಗ ದಾರಿ ಬಂದ್ ಆಗ್ಯಾದ. ಮುಂಜಾನಿ ತಣ್ಣಗಿದ್ದ ಗಾಡಿ ಚಾಲೂ ಮಾಡಿದ ಒಂದೆರಡು ನಿಮಿಷದಾಗೇ ಮ್ಯಾಲಿನ ಹೋಸ್ ಕಲ್ಲಿನಂಗ ಬಿಗಿ ಆದ್ರ, ಕೂಲಂಟ್ ಬಾಟ್ಲಿದಾಗ ಗುಳ್ಳಿ ಏಳ್ತಾ ಇದ್ರ, ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವಿನ ಸೀಲ್) ಮ್ಯಾಲ ಸಂಶಯ ಇಡ್ರಿ. ಅದನ್ನೂ ಕಣ್ಣಂದಾಜಿಲೆ ಬಿಚ್ಚಸಬ್ಯಾಡ್ರಿ, ಕೂಲಂಟ್‌ನಾಗ ಎಂಜಿನ್ ಗ್ಯಾಸ್ ಬರ್ತದೋ ಇಲ್ಲೋ ನೋಡೋ ಬಣ್ಣದ ನೀರಿನ ಟೆಸ್ಟ್ ಅದ, ಅದನ್ನ ಮಾಡೋ ಗ್ಯಾರೇಜ್ ಹುಡುಕ್ರಿ.

ನನ್ನ ಗಾಡಿ ಜೇವರ್ಗಿ ರೋಡಿನ್ಯಾಗ ಏರಿತ್ತು, ಊರಾಗ ಏನೂ ಇಲ್ಲ. ಮುಂದಿನ ಜಾಳಿಗಿಯಿಂದ ನೋಡಿದ್ರ ಎಲ್ಲಾ ಸ್ವಚ್ಛ. ನಮ್ಮ ಮಿಸ್ತ್ರಿ ಕಾಕಾ "ಮುಂದಿಂದು ಎಸಿ ಕಂಡೆನ್ಸರ್ ತಮ್ಮಾ, ರೇಡಿಯೇಟರ್ ಅದರ ಹಿಂದ ಅದ, ನಡುವ ನೋಡು" ಅಂದ್ರು. ಮ್ಯಾಲಿನ ಪಟ್ಟಿ ಬಿಚ್ಚಿ ಎರಡರ ನಡುವಿನ ಬಳ್ಳಿನಷ್ಟು ಸಂದಿಗೆ ಟಾರ್ಚ್ ಬಿಟ್ರ ಒಳಗ ಕಂಬಳಿ ಹಾಸಿದಂಗ ಕೂತಿತ್ತು, ಧೂಳ, ತೊಗರಿ ಹೊಟ್ಟು, ಹತ್ತಿ ಎಳಿ, ಸತ್ತ ಹುಳ ಎಲ್ಲಾ ಆಯಿಲ್ ಜಿಡ್ಡಿಗೆ ಅಂಟಿ. ಹಿಂದಿಂದ, ಅಂದ್ರ ಎಂಜಿನ್ ಕಡಿಂದ ಮುಂದಕ್ಕ, ಸಾದಾ ಪೈಪಿಲೆ ನೀರು ಬಿಟ್ವಿ, ಅರ್ಧ ತಾಸು ಕರೀ ರಾಡಿ ಇಳೀತು, ಎರೆ ಹೊಲದಾಗ ಮಳಿ ಬಿದ್ದಂಗ. ಪ್ರೆಶರ್ ವಾಷರ್ ಹತ್ತಿರ ಹಿಡೀಬ್ಯಾಡ್ರಿ, ಅಲ್ಯೂಮಿನಿಯಂ ರೆಕ್ಕಿ ಮಲಗಿ ಗಾಳಿ ದಾರಿ ಖಾಯಂ ಬಂದ್ ಆಗ್ತದ. ಅವತ್ತಿನ ಖರ್ಚು ಬರೀ ಕಾಕಾನ ಮಜೂರಿ. ಅದಕ್ಕೂ ಮೊದಲ ಇನ್ನೊಂದು ಕಡಿ ಹೊಸ ರೇಡಿಯೇಟರ್ ಹಾಕ್ರಿ ಅಂತ ಹೇಳಿದ್ರು.

ಇದು ಹೊರಗಿಂದು. ಒಳಗ ಕಟ್ಟೋದಕ್ಕ ನಮ್ಮ ನೀರೇ ಕಾರಣ. ನಮ್ಮ ನೆಲದ ಕೆಳಗ ಇರೋದು ಸುಣ್ಣದ ಕಲ್ಲು, ಶಹಾಬಾದ ಫರಸಿ ಅದೇ, ಸೇಡಂ, ಮಳಖೇಡ, ವಾಡಿ ಸಿಮೆಂಟ್ ಫ್ಯಾಕ್ಟರಿ ನಿಂತಿರೋದೂ ಅದೇ ಕಲ್ಲಿನ ಮ್ಯಾಲ. ಬೋರಿನ ನೀರು ಕಾಸಿದ ಪಾತೇಲಿ ತಳಕ್ಕ ಬೆಳ್ಳಗ ಪದರ ಕಟ್ಟೋದು ಎಲ್ಲಾರ ಮನ್ಯಾಗೂ ನೋಡೀರಿ. ಅದೇ ನೀರು ರೇಡಿಯೇಟರಿಗೆ ಹಾಕಿದ್ರ ಅದೇ ಪದರ ಅಲ್ಲಿ ಸಣ್ಣ ಸಣ್ಣ ನಳಿಗಿ ಒಳಗ ಕಟ್ಟತದ. ಹಿಂದಿನವರು ಏನು ಸುರಿದಿದ್ರೋ ಅಂತ ಕುಂದ್ರದೆ ಒಮ್ಮೆ ಪುರಾ ಫ್ಲಶ್ ಮಾಡ್ಸ್ರಿ, ಗಾಡಿ ಪುಸ್ತಕದಾಗ ಹೇಳಿದ ಕೂಲಂಟ್ ತಂದು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಕಲಸಿ ಹಾಕ್ರಿ. ಜತಿಗೆ ರೇಡಿಯೇಟರ್ ಮುಚ್ಚಳಿ ರಬ್ಬರ್ ಒಡದಿದ್ರ ಅದನ್ನೂ ಬದಲಿ ಮಾಡ್ರಿ, ಪ್ರೆಶರ್ ನಿಲ್ಲದಿದ್ರ ನೀರು ಬೇಗ ಕುದೀತದ. ಮುಚ್ಚಳಿ ಮ್ಯಾಲ ಬರ್ದಿರೋ ನಂಬರ್, 0.9 ಇರ್ಲಿ 1.1 ಇರ್ಲಿ, ಅದೇ ತರ್ರಿ. ಥರ್ಮೋಸ್ಟ್ಯಾಟ್ ತಗದು ಒಗದು ಓಡ್ಸ್ರಿ ಅಂತ ಯಾರರ ಹೇಳಿದ್ರ ಒಪ್ಪಬ್ಯಾಡ್ರಿ, ಎಂಜಿನ್ ಬರೋಬರಿ ಬಿಸಿ ಆಗದೆ ಡೀಸೆಲ್ ಹೆಚ್ಚು ಕುಡೀತದ, ಮಸಿ ಹೆಚ್ಚು ಕಟ್ಟತದ.

ಎಸಿ

ರೇಡಿಯೇಟರ್ ತೊಳದಾಗ ನಂದು ಎಸಿನೂ ಅರ್ಧ ಸುಧಾರಿಸ್ತು, ಎರಡಕ್ಕೂ ಗಾಳಿ ಒಂದೇ ದಾರಿಯಿಂದ ಬರ್ತದ. ಗಾಳಿನೇ ಕಮ್ಮಿ ಬಂದ್ರ ಕ್ಯಾಬಿನ್ ಫಿಲ್ಟರ್, ಬಹಳಷ್ಟು ಗಾಡಿದಾಗ ಡ್ಯಾಶ್‌ಬೋರ್ಡ್ ಗ್ಲೋವ್ ಬಾಕ್ಸ್ ಹಿಂದ ಇರ್ತದ, ನೀವೇ ತಗೀಬಹುದು. ಗಾಳಿ ಜೋರದ ತಂಪಿಲ್ಲ, ಓಡೋವಾಗ ತಂಪು ನಿಂತ್ರ ಬಿಸಿ ಅಂದ್ರ ಕಂಡೆನ್ಸರ್ ಫ್ಯಾನ್. ಗ್ಯಾಸ್ ತಾನಾಗೇ ತೀರಿ ಹೋಗೋ ವಸ್ತು ಅಲ್ಲ, ಕಮ್ಮಿ ಆಗ್ಯಾದ ಅಂದ್ರ ಎಲ್ಲೋ ಲೀಕ್ ಅದ, ಲೀಕ್ ಹಿಡೀದೆ ಬರೀ ಗ್ಯಾಸ್ ತುಂಬಿಸಿಕೊಂಡು ಬರಬ್ಯಾಡ್ರಿ.

ಪಿಕಪ್ ಇಲ್ಲ, ಹೊಗಿ ಬರ್ತದ

ಕರೀ ಹೊಗಿ ಅಂದ್ರ ಡೀಸೆಲ್ಲಿಗೆ ತಕ್ಕ ಗಾಳಿ ಇಲ್ಲ. ನೀಲಿ ಅಂದ್ರ ಎಂಜಿನ್ ಆಯಿಲ್ ಸುಡ್ತದ. ಬಿಳಿ ಹೊಗಿ ಮುಂಜಾನಿ ಜರಾ ಬಂದು ನಿಂತ್ರ ಗ್ಲೋ ಪ್ಲಗ್ (ತಣ್ಣನ ಎಂಜಿನ್ ಒಳಗ ಬಿಸಿ ಮಾಡೋದು) ನೋಡ್ರಿ, ಬಿಸಿ ಆದ ಮ್ಯಾಲೂ ನಿಲ್ಲದೆ ಸೀ ವಾಸನಿ ಬಂದ್ರ ಕೂಲಂಟ್ ಒಳಗ ಸುಡ್ತದ.

ಕರೀ ಹೊಗಿಗೆ ಮೊದಲ ಏರ್ ಫಿಲ್ಟರ್. ಕಂಪನಿ ಪುಸ್ತಕದ ಕಿಲೋಮೀಟರ್ ನಮ್ಮ ಕಡಿ ನಡೆಯಂಗಿಲ್ಲ, ಸೇಡಂ ರೋಡಿನ ಸಿಮೆಂಟ್ ಧೂಳ, ಬೀದರ್ ಕಡಿ ಕೆಂಪು ಮಣ್ಣಿನ ಧೂಳ, ಇಲ್ಲಿ ಎರೆ ಮಣ್ಣಿಂದು, ಪುಸ್ತಕದಾಗ ಹೇಳಿದ್ದರ ಅರ್ಧಕ್ಕೇ ನೋಡ್ಬೇಕು. ಫಿಲ್ಟರ್ ಸರಿ ಇದ್ರ ಟರ್ಬೋದಿಂದ ಇಂಟರ್‌ಕೂಲರ್‌ಗೆ (ಆ ಗಾಳಿ ತಂಪು ಮಾಡೋದು), ಅಲ್ಲಿಂದ ಎಂಜಿನ್‌ಗೆ ಬರೋ ರಬ್ಬರ್ ಹೋಸ್ ಕೈಲೆ ಬಗ್ಗಿಸಿ ಕೆಳಮೈ ನೋಡ್ರಿ. ಸೀಳಿದ ಜಾಗದ ಸುತ್ತ ಆಯಿಲ್ ಪಸಿ, ಅದರ ಮ್ಯಾಲ ಧೂಳ ಅಂಟಿ ಕಪ್ಪು ಗೀರು ಇರ್ತದ. ನಿಂತಾಗ ಏನೂ ಕೇಳಸಂಗಿಲ್ಲ, ಎಕ್ಸಿಲೇಟರ್ ಕೊಟ್ಟಾಗ ಪುಸ್ಸ್ ಅಂತದ. ಆಮ್ಯಾಲ ಇಜಿಆರ್ ಮಸಿ ತಗಸೋದು.

ಏರು ಬಂದಾಗ, ಓವರ್‌ಟೇಕ್ ಮಾಡೋವಾಗ ಗಾಡಿ ಒಮ್ಮೆಲೇ ಸತ್ತಂಗ ಆದ್ರ ಡೀಸೆಲ್ ಫಿಲ್ಟರ್ ಕೆಳಗಿನ ತಿರುಪು ಸಡಿಲ ಮಾಡಿ ಒಂದು ಗಾಜಿನ ಬಾಟ್ಲಿಗೆ ಹಿಡೀರಿ, ಹತ್ತು ನಿಮಿಷ ಬಿಡ್ರಿ. ನೀರಿದ್ರ ಕೆಳಗ ಕೂತು ನಡುವ ಗೆರಿ ಕಾಣ್ತದ. ಕ್ಯಾನಿನ್ಯಾಗ ಡೀಸೆಲ್ ತಂದು ಹಾಕ್ಕೊಂಡು ಓಡ್ಸಿದ ಹಳ್ಳಿ ಗಾಡಿದಾಗ ಇದು ಭಾಳ. ಇಂಜೆಕ್ಟರ್ (ಎಂಜಿನ್ ಒಳಗ ಡೀಸೆಲ್ ಸಿಂಪಡಸೋದು) ಮ್ಯಾಲ ಸಂಶಯ ಬಂದ್ರ ನಾಕೂ ಬದಲಿ ಮಾಡ್ಸಬ್ಯಾಡ್ರಿ, ರಿಟರ್ನ್ ಟೆಸ್ಟ್ ಮಾಡ್ರಿ ಅಂತ ಕೇಳ್ರಿ. ನಾಕು ಇಂಜೆಕ್ಟರಿಗೆ ನಾಕು ಸಣ್ಣ ಬಾಟ್ಲಿ ಕಟ್ಟಿ ಗಾಡಿ ಚಾಲೂ ಇಡ್ತಾರ, ಯಾವ ಬಾಟ್ಲಿ ಉಳಿದವಕ್ಕಿಂತ ಭಾಳ ತುಂಬ್ತದ ಅದೊಂದೇ ಕೆಟ್ಟದ. ನಿಮ್ಮ ಕಣ್ಣ ಮುಂದೇ ಮಾಡ್ಸ್ರಿ.

2020ರ ಏಪ್ರಿಲ್ ಆದ ಮ್ಯಾಲಿನ ಬಿಎಸ್6 ಡೀಸೆಲ್ ಇದ್ರ ಸೈಲೆನ್ಸರ್ ಲೈನ್‌ನಾಗ ಡಿಪಿಎಫ್ (ಹೊಗಿಯೊಳಗಿನ ಮಸಿ ಹಿಡಿಯೋ ಫಿಲ್ಟರ್) ಇರ್ತದ. ಬರೀ ಊರಾಗ ಎರಡು ಎರಡು ಕಿಲೋಮೀಟರ್ ಓಡಿದ ಗಾಡಿದು ಮಸಿಲೆ ತುಂಬ್ಕೊಂಡಿರ್ತದ. ಡಿಪಿಎಫ್ ಲೈಟ್ ಹತ್ತಿದ್ರ ಬಂದ್ ಮಾಡದೆ ಹೈವೇ ಮ್ಯಾಲ 60ರ ಮ್ಯಾಲಿನ ಸ್ಪೀಡಿನ್ಯಾಗ 20 ನಿಮಿಷ ಒಂದೇ ಸಮ ಓಡ್ಸ್ರಿ. ಡಿಪ್‌ಸ್ಟಿಕ್‌ನಾಗ ಆಯಿಲ್ ಇಳಿಯೋ ಬದಲು ಏರ್ತಾ ಹೊಂಟ್ರ ಡೀಸೆಲ್ ಆಯಿಲ್‌ನಾಗ ಕೂಡ್ತದ, ಓಡ್ಸೋದು ಬಿಟ್ಟು ಆಯಿಲ್ ಬದಲಿ ಮಾಡ್ರಿ.

ನಡುಗೋದು, ಬಡಿಯೋದು, ಬ್ರೇಕು

80ರ ಮ್ಯಾಲ ಸ್ಟೇರಿಂಗ್ ನಡುಗಿದ್ರ ವೀಲ್ ಬ್ಯಾಲೆನ್ಸಿಂಗ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದ್ರ ಡಿಸ್ಕ್. ಎಕ್ಸಿಲೇಟರ್ ಕೊಟ್ಟಾಗ ಮಾತ್ರ, ಸೀಟಿನ ಕೆಳಗಿಂದ ಬಂದ್ರ ಹಿಂದಿನ ಗಾಲಿ ಎಳಿಯೋ ಗಾಡಿದಾಗ ಪ್ರೊಪೆಲ್ಲರ್ ಶಾಫ್ಟ್ ಜಾಯಿಂಟ್. ಸಣ್ಣ ಗುಂಡಿಗೆ ಟಕ ಟಕ ಅಂದ್ರ ಲಿಂಕ್ ರಾಡ್, ಮೊದಲ ಅದನ್ನೇ ಮಾಡ್ಸ್ರಿ, ಕಮ್ಮಿ ರೊಕ್ಕದ್ದು. ದೊಡ್ಡ ಗುಂಡಿಗೆ ಧಡ್ ಅಂದ್ರ ಲೋವರ್ ಆರ್ಮ್ ಬುಶ್ ಇಲ್ಲಾ ಶಾಕಪ್.

ಟೈರ್ ಮ್ಯಾಲಿನ ರಬ್ಬರ್ ಗುಂಡಿ (ಟ್ರೆಡ್) ಚೆನ್ನಾಗಿ ಉಳದದ ಅಂತ ಬಿಡಬ್ಯಾಡ್ರಿ, ಪಕ್ಕದಾಗಿನ ಕಡೀ 4 ಅಂಕಿ ಓದ್ರಿ, 2319 ಅಂದ್ರ 2019ರ 23ನೇ ವಾರ. ನಮ್ಮ ಬಿಸಿಲಿಗೆ ರಬ್ಬರ್ ಗುಂಡಿ ಸವಿಯೋಕಿಂತ ಮೊದಲ ಒಣಗಿ ಬಿರುಕು ಬಿಡ್ತದ. ಸ್ಟೆಪ್ನಿದೂ ಓದ್ರಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕ ಒಮ್ಮೆ ಬದಲಿ ಆಗಬೇಕು, ಪುರಾವೆ ಇಲ್ಲಂದ್ರ ಈಗಲೇ ಮಾಡ್ಸ್ರಿ. ಪೆಡಲ್ ಸ್ಪಂಜಿನಂಗ ಒಳಗ ಹೋದ್ರ, ಗಾಡಿ ಒಂದು ಕಡಿ ಎಳದ್ರ, ಅದನ್ನ ಸರಿ ಮಾಡ್ಸಿದ ಮ್ಯಾಲೇ ಉಳಿದ ಮಾತು, ಮನಿ ಮಂದಿ ಕೂಡೋ ಗಾಡಿ ಅದು.

ನೀರಾಗ ಮುಳುಗಿದ್ದು, ಇಲಿ ಕಡದಿದ್ದು

ವೈರಿಂಗ್ ತಕರಾರು ಒಂದು ಮುಗದ್ರ ಒಂದು ಬರ್ತಿದ್ರ ಗಾಡಿ ನೀರಾಗ ನಿಂತಿತ್ತೇನು ನೋಡ್ರಿ. 2020ರ ಅಕ್ಟೋಬರ್‌ನಾಗ ಹೈದರಾಬಾದ್‌ನಾಗ ಮಳಿಗೆ ಓಣಿ ಓಣಿ ಮುಳುಗಿದ್ವು, ಅದೇ ತಿಂಗಳು ನಮ್ಮ ಭೀಮಾ ನದಿಗೂ ಪೂರ ಬಂದಿತ್ತು. ಸೀಟ್ ಬೆಲ್ಟ್ ಪೂರ್ತಿ ಕಡೀ ತನಕ ಎಳೀರಿ, ತುದಿಯಾಗ ಮಣ್ಣಿನ ಗೆರಿ ಇದ್ರ ನೀರು ಅಲ್ಲಿ ತನಕ ಬಂದಿತ್ತು. ಸೀಟಿನ ಬೋಲ್ಟ್ ತುಕ್ಕು, ಕಾರ್ಪೆಟ್ ಕೆಳಗಿನ ಕೆಸರು, ಕನೆಕ್ಟರ್ ಒಳಗ ಹಸಿರು, ಇವು ಸುಳ್ಳು ಹೇಳಂಗಿಲ್ಲ.

ತೊಗರಿ ರಾಶಿ ಮುಗದು ಹೊಲ ಖಾಲಿ ಆದಾಗ ಇಲಿ ಊರ ಕಡಿ ಬರ್ತಾವ, ಬೋನೆಟ್ ಒಳಗ ಬೆಚ್ಚಗಿರ್ತದ. ಎಂಜಿನ್ ಮ್ಯಾಲಿನ ಕವರ್ ತಗದು ಹೊಟ್ಟು, ಹಿಕ್ಕಿ ಇದ್ರ ವೈರ್ ಒಂದೊಂದೇ ಬೆರಳಿಲೆ ಸವರಿ ನೋಡ್ರಿ. ಕಡದ ವೈರಿಗೆ ಬರೀ ಟೇಪ್ ಸುತ್ತಬ್ಯಾಡ್ರಿ, ಬೆಸಗಿ ಹಾಕಿ ಹೀಟ್ ಶ್ರಿಂಕ್ ಹಾಕ್ಸ್ರಿ.

ಕಾಗದದ್ದು ಇಷ್ಟು ಹೇಳ್ತೀನಿ: ತೆಲಂಗಾಣ ಇಲ್ಲಾ ಮಹಾರಾಷ್ಟ್ರ ಗಾಡಿ ಇದ್ರ ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡೋ ತಕರಾರಿಲ್ಲ ಅನ್ನೋ ಪತ್ರ) ಇಲ್ಲದೆ ಕಲಬುರಗಿಯ ಕೆಎ 32 ನಂಬರ್ ಸಿಗಂಗಿಲ್ಲ, ಇನ್ಶೂರೆನ್ಸ್ 14 ದಿನದ ಒಳಗ ನಿಮ್ಮ ಹೆಸರಿಗೆ ಮಾಡ್ಸಲಿಕ್ಕೆ ಅರ್ಜಿ ಕೊಡ್ರಿ. ಗಾಡಿ ರಿಪೇರಿ ಮಾಡ್ಸೋ ಗದ್ದಲದಾಗ ಇದು ಮರ್ತು ಹೋಗ್ತದ.

ಎಲ್ಲಾ ಆದ ಮ್ಯಾಲ ಒಂದು ಟ್ರಯಲ್ ಹೊಡೀರಿ, ತಂಪೊತ್ತಿನ್ಯಾಗ ಅಲ್ಲ, ಮಧ್ಯಾಹ್ನ 2 ಗಂಟೆಗೆ, ಎಸಿ ಹಚ್ಚಿ, ಮಂದಿ ತುಂಬಿಸಿ. ನಾವು ಗಾಣಗಾಪುರಕ್ಕ ಹೋಗಿ ಬಂದ್ವಿ, ಅವ್ವ, ಅಪ್ಪ, ಅಕ್ಕನ ಮಕ್ಕಳು ಎಲ್ಲಾ. ಸ್ಕ್ಯಾನರ್ ಫೋನಿಗೆ ಹಚ್ಚಿ ಕೂಲಂಟ್ ಡಿಗ್ರಿ ಬರೀಲಿಕ್ಕೆ ತಂಗಿ ಕೈಯಾಗ ನೋಟ್‌ಬುಕ್ ಕೊಟ್ಟಿದ್ದೆ, 10 ಕಿಲೋಮೀಟರಿಗೆ ಒಮ್ಮೆ. ಹೋಗೋವಾಗ 88, 90, 91, 90, ಬರೋವಾಗ 91ರ ಮ್ಯಾಲ ಏರಲಿಲ್ಲ. ಆ ಪುಟ ಇನ್ನೂ ಗ್ಲೋವ್ ಬಾಕ್ಸ್‌ನಾಗ ಅದ, ಈಗ ಮುಳ್ಳು ಜರಾ ಆಕಡಿ ಈಕಡಿ ಆದ್ರ ಅದರ ಜತಿ ಹಚ್ಚಿ ನೋಡ್ತೀನಿ.